ಮುಂದಿನ ಹಲ್ಲಿಲ್ಲದ ಮರಿ

ಕೂಗರ್ ಫ್ಲಾಟ್, ವಾಷಿಂಗ್ಟನ್ ರಾಜ್ಯ
12 ಸೆಪ್ಟೆಂಬರ್ 1994

ಶ್ರೀಮತಿ ಫಿಲೊಮಿನಾ ಪಾಸ್ಕಲ್ ಅವರಿಗೆ,

ನಮಸ್ಕಾರ. ನನ್ನ ಹೆಸರು ಎಲ್ವುಡ್ ಟ್ರಾಸ್ಕ್. ಮರದ ಮಿಲ್ಲಿನಲ್ಲಿ ದಿಮ್ಮಿ ಅಳೆಯುವ ಕೆಲಸ ಮಾಡಿ ನಿವೃತ್ತನಾದವನು. ಮೂವತ್ತೊಂದು ವರ್ಷದಿಂದ ಸಾಸ್ಕ್ವಾಚ್ ಎಂಬ, ಎರಡು ಕಾಲಿನಲ್ಲಿ ನಡೆಯುವ ಕಾಡಿನ ರೋಮದ ದೈತ್ಯನನ್ನು ಕಂಡವರ ಹೇಳಿಕೆಗಳನ್ನು ಸಂಗ್ರಹಿಸುತ್ತಿದ್ದೇನೆ. ಇದುವರೆಗೆ ಆರುನೂರ ಹನ್ನೊಂದು ವರದಿಗಳಾಗಿವೆ. ಅವುಗಳಲ್ಲಿ ಎಷ್ಟು ಕರಡಿ, ಎಷ್ಟು ಹೆಂಡ, ಎಷ್ಟು ಬರೀ ಬಾಯಿಚಪಲ ಎಂದು ಬೇರ್ಪಡಿಸುವುದೇ ನನ್ನ ಕೆಲಸ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿನ ಮೇಲೆ ನಡೆಯುವವನು ನಾನು. ನಾನಂತೂ ಒಮ್ಮೆಯೂ ಕಂಡಿಲ್ಲ.

ಕಳೆದ ವಸಂತದಲ್ಲಿ ಶಾಲೆಯ ಬಸ್ಸು ಓಡಿಸುವಾಗ ರಸ್ತೆ ದಾಟಿದ ಒಂದನ್ನು ನೀವು ಕಂಡಿರೆಂದು ನಿಮ್ಮೂರಿಗೆ ಸಾಮಾನು ತರುವ ಲಾರಿಯವರು ಹೇಳಿದರು. ಮೂವತ್ತೊಂದು ಪ್ರಶ್ನೆಗಳ ನಮೂನೆ ಲಗತ್ತಿಸಿದ್ದೇನೆ. ಕಂಡದ್ದನ್ನಷ್ಟೇ ಬರೆಯಿರಿ, ಅನಿಸಿದ್ದು ಬೇಡ. ನಮ್ಮ ಅಂಚೆಚೀಟಿ ನಿಮ್ಮ ದೇಶದಲ್ಲಿ ನಡೆಯುವುದಿಲ್ಲವಾದ್ದರಿಂದ ನಿಮ್ಮದೇ ಎರಡು ನಾಣ್ಯಗಳನ್ನು ಕಾಗದದ ಕೆಳಗೆ ಅಂಟಿಸಿದ್ದೇನೆ.

ತಮ್ಮ ವಿಶ್ವಾಸಿ,
ಎಲ್ವುಡ್ ಟ್ರಾಸ್ಕ್


ಹ್ಯಾರಿಸನ್ ಸರೋವರದ ದಂಡೆ, ಬ್ರಿಟಿಷ್ ಕೊಲಂಬಿಯಾ
3 ಅಕ್ಟೋಬರ್ 1994

ಟ್ರಾಸ್ಕ್ ಅವರಿಗೆ,

ನಿಮ್ಮ ಕಾಗದ ಒಡೆದಾಗ ಎರಡು ನಾಣ್ಯ ಅಂಗೈಗೆ ಬಿದ್ದವು. ಬೀಳದಿದ್ದರೆ ನಿಮ್ಮ ನಮೂನೆ ನಮ್ಮ ಒಲೆಗೆ ಹೋಗುತ್ತಿತ್ತು, ನಿಜ ಹೇಳುತ್ತೇನೆ. ನಾಣ್ಯ ಕೈಗೆ ಬಂದ ಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಲೇಬೇಕು. ಅದು ನಮ್ಮ ಹಿರಿಯರ ಕಟ್ಟು. ನೀವು ತಿಳಿದೇ ಕಳಿಸಿದ್ದೀರಿ ಎಂದುಕೊಳ್ಳುತ್ತೇನೆ.

ಎತ್ತರ: ಬಸ್ಸಿನ ಪಕ್ಕದ ಕನ್ನಡಿಗಿಂತ ಮೇಲೆ ತಲೆಯಿತ್ತು. ನಡಿಗೆ: ಅವಸರವಿಲ್ಲದ್ದು. ಬಣ್ಣ: ಒದ್ದೆ ತೊಗಟೆಯದು. ವಾಸನೆ: ಬಸ್ಸಿನಲ್ಲಿ ಹನ್ನೊಂದು ಮಕ್ಕಳಿದ್ದರು, ಎಲ್ಲರ ಕಾಲುಚೀಲಗಳೂ ಒದ್ದೆಯಾಗಿದ್ದವು. ವಾಸನೆ ಯಾರದೆಂದು ಪ್ರಮಾಣ ಮಾಡಿ ಹೇಳಲಾರೆ.

"ಸಾಕ್ಷಿಯ ಪ್ರತಿಕ್ರಿಯೆ" ಎಂದು ಕೇಳಿದ್ದೀರಿ. ನಾನು ಬ್ರೇಕ್ ಹಾಕಿದೆ. ಹಾರನ್ ಮೇಲೆ ಕೈ ಹೋಯಿತು. ಹಿಂದಿನಿಂದ ಒಂದನೇ ಕ್ಲಾಸಿನ ಹುಡುಗಿ, "ಹೊಡೀಬೇಡ ಅಜ್ಜೀ, ಪಾಪ, ಅದೂ ಮನೆಗೆ ಹೋಗ್ತಿದೆ" ಎಂದಳು. ಹೊಡೆಯಲಿಲ್ಲ. ಅದು ದಾಟಿತು, ನಾವೂ ಹೊರಟೆವು. ಅಷ್ಟೇ.

ನೀವು ಸಾಸ್ಕ್ವಾಚ್ ಅನ್ನುವುದನ್ನು ಈ ದಂಡೆಯ ಮೂಲನಿವಾಸಿಗಳಾದ ನಾವು ಸಾಸ್ಕೆಟ್ಸ್ ಅನ್ನುತ್ತೇವೆ. ನಮಗೆ ಅದು ಹುಡುಕಿ ಹಿಡಿಯುವ ಪ್ರಾಣಿಯಲ್ಲ, ಕಾಡಿನ ಹಿರೀಕ. ಇನ್ನೇನಾದರೂ ಕೇಳುವುದಿದ್ದರೆ ಯೋಚಿಸಿ ಕೇಳಿ.

ಫಿಲೊಮಿನಾ ಪಾಸ್ಕಲ್


ಕೂಗರ್ ಫ್ಲಾಟ್
15 ಅಕ್ಟೋಬರ್ 1994

ಶ್ರೀಮತಿ ಪಾಸ್ಕಲ್ ಅವರಿಗೆ,

ಬಹಳ ಉಪಕಾರವಾಯಿತು. ನಿಮ್ಮದು ವರದಿ ಸಂಖ್ಯೆ 612. ಇಷ್ಟು ಚೊಕ್ಕವಾದ ಹೇಳಿಕೆ ಬಂದು ವರ್ಷಗಳಾದವು. ನಾಣ್ಯಗಳ ವಿಷಯ ದೊಡ್ಡದು ಮಾಡಬೇಡಿ, ಅವು ಬರೀ ಅಂಚೆ ಖರ್ಚಿಗೆ. ಇನ್ನೆರಡು ಅಂಟಿಸಿದ್ದೇನೆ.

ಜೊತೆಗೆ ನಾನು ಹೊರತರುವ ಪುಟ್ಟ ಪತ್ರಿಕೆಯ ಒಂದು ಸಂಚಿಕೆ ಇದೆ. ಆರನೇ ಪುಟದ ಲೇಖನ ವರದಿ ಸಂಖ್ಯೆ ಒಂದರ ಬಗ್ಗೆ. 1947ರ ಅಕ್ಟೋಬರಿನಲ್ಲಿ ನಿಮ್ಮ ಸರೋವರದ ಪೂರ್ವದಂಡೆಯ ಮರಕಡಿಯುವ ಕ್ಯಾಂಪಿನಿಂದ ಎಂಟು ವರ್ಷದ ಹುಡುಗನೊಬ್ಬ ಕಳೆದುಹೋದ. ಲೇಖನದಲ್ಲಿ ಅವನನ್ನು 'ಸಾಕ್ಷಿ ಎ' ಎಂದು ಕರೆದಿದ್ದೇನೆ. ನಾಲ್ಕನೆಯ ದಿನ ಬೆಳಿಗ್ಗೆ ಕ್ಯಾಂಪಿನ ಸೌದೆರಾಶಿಯ ಮೇಲೆ ಕೂತಿದ್ದ. ಮೈ ಬೆಚ್ಚಗಿತ್ತು, ಹೊಟ್ಟೆ ತುಂಬಿತ್ತು. ದೊಡ್ಡ ರೋಮದ ಜೀವಿಯೊಂದು ತನ್ನನ್ನು ಸಾಕಿತೆಂದ. ಅದರ ಜೊತೆ ಮರಿಗಳಿದ್ದವಂತೆ. ಅವು ಮಾತಾಡುತ್ತಿರಲಿಲ್ಲ. ಸಿಳ್ಳೆ ಹಾಕುತ್ತಿದ್ದವು, ಕೋಲಿನಿಂದ ಮರ ಬಡಿಯುತ್ತಿದ್ದವು. ಸಿಳ್ಳೆ, ಮರ ಬಡಿತ ಆಮೇಲಿನ ನೂರಾರು ವರದಿಗಳಲ್ಲೂ ಬಂದಿವೆ. ಆದರೆ ಮರಿಗಳ ವಿವರ ಇದೊಂದರಲ್ಲೇ ಇರುವುದು.

ಒಂದು ಮರಿಗೆ ಮೇಲಿನ ಎರಡು ಮುಂದಿನ ಹಲ್ಲುಗಳಿರಲಿಲ್ಲ. ಇದರಿಂದ ನಾನೊಂದು ಸಿದ್ಧಾಂತ ಕಟ್ಟಿದ್ದೇನೆ: ದೇವದಾರಿನ ತೊಗಟೆ ಸುಲಿಯಲು ಅನುಕೂಲವಾಗಲೆಂದೇ ಈ ಜಾತಿಯ ಮರಿಗಳಿಗೆ ಆ ಸಂದು ಇರುತ್ತದೆ. ಓರೆಗಾನಿನ ದಂತವೈದ್ಯರೊಬ್ಬರು ಮೆಚ್ಚಿ ಕಾಗದ ಬರೆದಿದ್ದಾರೆ.

ಆ ವರ್ಷದ ಬಗ್ಗೆ ನಿಮ್ಮ ಹಿರಿಯರಿಗೆ ಏನಾದರೂ ನೆನಪಿದೆಯೇ? ದಯವಿಟ್ಟು ಕೇಳಿ ತಿಳಿಸಿ.

ಎಲ್ವುಡ್ ಟ್ರಾಸ್ಕ್


ಹ್ಯಾರಿಸನ್ ಸರೋವರದ ದಂಡೆ
29 ಅಕ್ಟೋಬರ್ 1994

ಟ್ರಾಸ್ಕ್ ಅವರಿಗೆ,

ಆ ವರ್ಷದ ಬಗ್ಗೆ ಇಲ್ಲಿ ಯಾರೂ ಮಾತಾಡುವುದಿಲ್ಲ. ನಿಮ್ಮ ಎರಡು ನಾಣ್ಯ ವಾಪಸು ಕಳಿಸಿದ್ದೇನೆ, ಇಟ್ಟುಕೊಳ್ಳಲಾರೆ.

ನಿಮ್ಮ 'ಸಾಕ್ಷಿ ಎ' ಯಾರು? ಬದುಕಿದ್ದಾನೆಯೇ?

ಫಿ. ಪಾಸ್ಕಲ್


ಕೂಗರ್ ಫ್ಲಾಟ್
20 ನವೆಂಬರ್ 1994

ಶ್ರೀಮತಿ ಪಾಸ್ಕಲ್ ಅವರಿಗೆ,

ನನ್ನಿಂದ ಏನು ತಪ್ಪಾಯಿತೋ ತಿಳಿಯಲಿಲ್ಲ. ಎರಡು ವಾರ ನಿಮ್ಮ ಮೇಲೆ ಮುನಿಸಿಕೊಂಡು ಕೂತಿದ್ದೆ. ಆಮೇಲೆ ನಿಮ್ಮ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ. ಆರುನೂರು ಜನ ನನಗೆ ಉತ್ತರ ಬರೆದಿದ್ದಾರೆ. ಆ ಹುಡುಗ ಬದುಕಿದ್ದಾನೆಯೇ ಎಂದು ಕೇಳಿದವರು ನೀವೊಬ್ಬರೇ.

ಬದುಕಿದ್ದಾನೆ. ಅವನು ನನ್ನ ತಮ್ಮ ಡೆಲ್ಮರ್. ಈ ಮಾತನ್ನು ನನ್ನ ಪತ್ರಿಕೆಯಲ್ಲಿ ಎಂದೂ ಬರೆದಿಲ್ಲ.

ಆಗ ನನಗೆ ಹದಿಮೂರು. ಅಮ್ಮ ತೀರಿಹೋಗಿದ್ದಳು, ಅಪ್ಪ ಆ ಕ್ಯಾಂಪಿನಲ್ಲಿ ಮರ ಕಡಿಯುತ್ತಿದ್ದ. ತಮ್ಮನನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅಂದು ದೊಡ್ಡ ಹುಡುಗರ ಜೊತೆ ಮೀನು ಹಿಡಿಯಲು ಹೊರಟಿದ್ದೆ. ಹಿಂದೆಯೇ ಬಂದ. "ಬಾಲದ ಹಂಗೆ ಅಂಟ್ಕೋಬೇಡ, ಹೋಗೋ ಮನೆಗೆ" ಎಂದು ಅರ್ಧ ದಾರಿಯಿಂದ ಓಡಿಸಿದೆ. ಅವನು ಮನೆಗೆ ಹೋಗಲಿಲ್ಲ.

ವಾಪಸು ಬಂದವನು ಕಂಡದ್ದನ್ನು ಹೇಳಿದ. ಮೂರು ದಿನ ನಲವತ್ತು ಜನ ಕೆಲಸ ಬಿಟ್ಟು ಹುಡುಕಿದ್ದರು, ಅಪ್ಪನಿಗೆ ತಲೆ ಎತ್ತಲಾಗಲಿಲ್ಲ. ಬೆಲ್ಟ್ ಬಿಚ್ಚಿದ. ಡೆಲ್ಮರ್ ಮಾತು ಬದಲಿಸಲಿಲ್ಲ. ಕೊನೆಗೆ ಊಟದ ಮನೆಯಲ್ಲಿ ಎಲ್ಲರ ಮುಂದೆ ಅವನನ್ನು ಮೇಜಿನ ಮೇಲೆ ನಿಲ್ಲಿಸಿ, "ಹೇಳು, ಸುಳ್ಳು ಹೇಳ್ದೆ ಅಂತ ಹೇಳು" ಎಂದ. ಹುಡುಗ ನನ್ನ ಕಡೆ ನೋಡಿದ. ಎಲ್ಲರಿಗಿಂತ ಮೊದಲು ನಕ್ಕವನು ನಾನು. ಆಮೇಲೆ ಇಡೀ ಮನೆ ನಕ್ಕಿತು. ಅವನು, "ಸುಳ್ಳು ಹೇಳ್ದೆ" ಎಂದ. ಅಂದಿನಿಂದ ಅವನು ಯಾರಿಗೂ ಯಾವ ಕಥೆಯನ್ನೂ ಹೇಳಿಲ್ಲ, ತನ್ನ ಹೆಂಡತಿಗೂ ಕೂಡ. ನಾನು ಲೇಖನದಲ್ಲಿ ಬರೆದದ್ದೆಲ್ಲ ಆ ಮೊದಲ ಬೆಳಿಗ್ಗೆ ಕೇಳಿಸಿಕೊಂಡದ್ದು.

ಈಗ ಅವನ ಶ್ವಾಸಕೋಶ ಮುಗಿದಿದೆ. ಮೂವತ್ತು ವರ್ಷ ಗರಗಸದ ಪುಡಿ ಕುಡಿದ ಎದೆ. ವಸಂತ ದಾಟುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಆರುನೂರ ಹನ್ನೆರಡು ವರದಿಗಳನ್ನು ನಾನು ವಿಜ್ಞಾನಕ್ಕಾಗಿ ಸೇರಿಸಲಿಲ್ಲ. ಅವನು ಸುಳ್ಳು ಹೇಳಲಿಲ್ಲ ಎಂದು ಹೇಳುವ ಒಂದೇ ಒಂದು ಕಾಗದ ಅವನ ಕೈಯಲ್ಲಿಡಬೇಕಾಗಿತ್ತು. ಇಟ್ಟಿಲ್ಲ.

ನೀವು ಮರಳಿಸಿದ ನಾಣ್ಯಗಳು ನನ್ನ ಊರಿನಲ್ಲಿ ನಡೆಯುವುದಿಲ್ಲ. ಅವೇ ಎರಡನ್ನು ಮತ್ತೆ ಅಂಟಿಸಿದ್ದೇನೆ. ಸಿಟ್ಟಾಗಬೇಡಿ.

ಎಲ್ವುಡ್


ಹ್ಯಾರಿಸನ್ ಸರೋವರದ ದಂಡೆ
8 ಜನವರಿ 1995

ಎಲ್ವುಡ್ ಅವರಿಗೆ,

ಏಳು ವಾರ ತಡವಾಯಿತು. ಸುಮ್ಮನೆ ತಡಮಾಡಲಿಲ್ಲ.

ನಿಮಗೆ ಮೊದಲು ನಾಣ್ಯದ ವಿಷಯ ಹೇಳಬೇಕು. ನಮ್ಮ ದೊಡ್ಡ ಕೂಟಗಳಲ್ಲಿ, ಹೆಸರಿಡುವಾಗ, ಮದುವೆಯಲ್ಲಿ, ಬೇರೆ ಊರಿಂದ ಬಂದ ಕೆಲವರನ್ನು ಹೆಸರು ಕೂಗಿ ಕರೆದು ಅಂಗೈಯಲ್ಲಿ ಎರಡು ನಾಣ್ಯ ಇಡುತ್ತಾರೆ. ಅದು ಕೂಲಿಯಲ್ಲ. ಇಟ್ಟರೆ ನೀನು ಸಾಕ್ಷಿ ಎಂದರ್ಥ. ಕಂಡದ್ದನ್ನು ಸಾಯುವವರೆಗೆ ನೆನಪಿಡಬೇಕು, ಕೇಳಿದಾಗ ಹೇಳಬೇಕು, ಒಂದಕ್ಕೆ ಎರಡು ಸೇರಿಸಬಾರದು. ನೀವು ಅಂಚೆಗೆಂದು ಅಂಟಿಸಿದಿರಿ. ನಾನು ಕರೆ ಬಂತು ಎಂದುಕೊಂಡೆ. ನಿಮ್ಮ ಎರಡನೇ ಕಾಗದದಲ್ಲಿ 1947 ಎಂದು ಓದಿದ ಮೇಲೆ ಅವನ್ನು ಇಟ್ಟುಕೊಳ್ಳಲು ಹೆದರಿ ವಾಪಸು ಹಾಕಿದೆ. ಅವು ಮತ್ತೆ ಬಂದವು.

ಆ ಕಥೆ ನನ್ನೊಬ್ಬಳದಲ್ಲ, ನನ್ನ ಸೋದರಮಾವ ಆಂಬ್ರೋಸರ ಮನೆಗೆ ಸೇರಿದ್ದು. ಅವರು ತೀರಿಹೋಗಿ ಇಪ್ಪತ್ತು ವರ್ಷ ಕಳೆದಿವೆ. ಅವರ ಮಗ ಸೈಲಸ್ ದೋಣಿಯಲ್ಲಿ ದೂರ ಹೋಗಿದ್ದ, ಕ್ರಿಸ್‌ಮಸ್‌ಗೆ ಬಂದ. ನಿಮ್ಮ ಕಾಗದ ಓದಿ ಎರಡೂ ನಾಣ್ಯ ಕೈಗೆತ್ತಿಕೊಂಡ. ಆಮೇಲೆ, "ವಾಪಸ್ ಕಳಿಸಿದ್ದು ಮತ್ತೆ ಬಂದಿದೆ ಅಂದ್ರೆ ತಿರುಗ್ಸೋಕಾಗಲ್ಲ ಕಣೆ. ಹೇಳ್ಬಿಡು" ಎಂದ.

ಹೇಳುತ್ತೇನೆ. ಕೂತು ಓದಿ.

ಆಗ ನಮ್ಮ ಮಕ್ಕಳನ್ನು ದೂರದ ವಸತಿಶಾಲೆಗೆ ಕಳಿಸಲೇಬೇಕೆಂದು ಕಾನೂನಿತ್ತು. ಸೆಪ್ಟೆಂಬರ್ ಬಂದರೆ ಶಾಲೆಯವರು ಪೊಲೀಸರ ಜೊತೆ ಬಂದು ಎಣಿಸಿ ಕರೆದೊಯ್ಯುತ್ತಿದ್ದರು. ನನ್ನಕ್ಕ ಹೋದಳು, ಬರಲಿಲ್ಲ. ಅವಳನ್ನು ಎಲ್ಲಿ ಮಣ್ಣು ಮಾಡಿದರೆಂದು ನಮ್ಮಮ್ಮನಿಗೆ ಯಾರೂ ಹೇಳಲಿಲ್ಲ. 1947ರಲ್ಲಿ ನನ್ನ, ನನ್ನಣ್ಣನ ಸರದಿ. ಆಂಬ್ರೋಸ್ ಮಾವ ನಮ್ಮ ಐದು ಮಕ್ಕಳನ್ನು ಕಟ್ಟಿಕೊಂಡು ಪೂರ್ವದಂಡೆಯ ಬೆಟ್ಟ ಹತ್ತಿದರು. ಬಂಡೆಯ ಮರೆಯ ಮೀನು ಒಣಗಿಸುವ ಗುಡಿಸಲಲ್ಲಿ ಇದ್ದೆವು. ಮಾವ ಆರೂವರೆ ಅಡಿ ಆಳು. ಮಳೆಗೆ ಕರಡಿತೊಗಲನ್ನು ರೋಮ ಹೊರಗಾಗಿ ಹೊದೆಯುತ್ತಿದ್ದರು, ನಮಗೂ ಹೊದಿಸಿದ್ದರು. ದೂರದಿಂದ ಮುಖ ಹೊಳೆಯಬಾರದೆಂದು ಎಲ್ಲರಿಗೂ ಮೀನೆಣ್ಣೆಯಲ್ಲಿ ಮಸಿ ಕಲಸಿ ಬಳಿದಿದ್ದರು. ಹೊರಗೆ ಮಾತಾಡುವ ಹಾಗಿರಲಿಲ್ಲ. ಒಂದು ಸಿಳ್ಳೆ ಎಂದರೆ ಬಾ, ಎರಡು ಎಂದರೆ ಅಡಗಿಕೋ. ಮರಕ್ಕೆ ಮೂರು ಬಡಿತ ಎಂದರೆ ಕಷ್ಟದಲ್ಲಿದ್ದೇನೆ, ಓಡಿ ಬಾ.

ಮಾವ ನಿಮ್ಮ ತಮ್ಮನನ್ನು ಭುಜದ ಮೇಲೆ ಹೊತ್ತು ಗುಡಿಸಲಿಗೆ ತಂದರು, ನಾವು ಹಿಂದೆಯೇ ಬಂದೆವು. ನಾವು ಕಣ್ಣುಬಿಟ್ಟು ನೋಡಿದೆವು. ಅವನು ಇನ್ನಷ್ಟು ಕಣ್ಣುಬಿಟ್ಟ. ಅವನು ನಿದ್ದೆಹೋದ ಮೇಲೆ ನನ್ನ ಅಣ್ಣ ಪಿಸುಗುಟ್ಟಿದ:

"ಮಾವ, ಅವನ ಮನೆ ಎಲ್ಲಿ ಅಂತ ಕೇಳೋಣ್ವಾ?"

"ಬಾಯಿ ಬಿಡಬೇಡಿ ಯಾರೂ. ನಾವು ಮನುಷ್ಯರು ಅಂತ ಗೊತ್ತಾದ್ರೆ ಹೋಗಿ ಹೇಳ್ತಾನೆ, ಪೊಲೀಸ್ರು ಬರ್ತಾರೆ. ಸಾಸ್ಕೆಟ್ಸ್ ಅಂದ್ಕೊಂಡ್ರೆ ಹೇಳ್ಲಿ ಬಿಡು. ಯಾರು ನಂಬ್ತಾರೆ?"

ಎರಡು ದಿನ ಹುಡುಕುವವರು ಹತ್ತಿರದಲ್ಲೇ ಓಡಾಡುತ್ತಿದ್ದುದರಿಂದ ನಾವು ಹೊರಗೆ ಕಾಲಿಡಲಾಗಲಿಲ್ಲ. ಅವರು ಕೆಳಗಿಳಿದ ಮೇಲೆ ಮಾವ ಅವನನ್ನು ಕ್ಯಾಂಪಿನ ಸೌದೆರಾಶಿಯ ಮೇಲೆ ಬಿಟ್ಟು ಬಂದರು. ಗುಡಿಸಲಲ್ಲಿದ್ದಾಗ ಅವನು ಅಮ್ಮನನ್ನು ಕರೆದು ಅಳುತ್ತಿದ್ದ. ನಾನು ಪಕ್ಕ ಕೂತು ಒಣಮೀನು ಕೊಟ್ಟು ಹಲ್ಲು ಕಿರಿದೆ. ಆ ವಾರವೇ ನನ್ನ ಮುಂದಿನ ಎರಡು ಹಾಲುಹಲ್ಲು ಬಿದ್ದಿದ್ದವು.

ಎಲ್ವುಡ್ ಅವರೇ, ನಿಮ್ಮ ಆರನೇ ಪುಟದ ಮರಿ ನಾನೇ. ತೊಗಟೆ ಸುಲಿಯುವ ನಿಮ್ಮ ಮಾತು ಓದಿ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಓರೆಗಾನಿನ ಡಾಕ್ಟರಿಗೆ ತಿಳಿಸಿ, ನನ್ನ ಹಲ್ಲುಗಳು ಮರು ವರ್ಷವೇ ಬಂದವು.

ಈಗ ನಗದೆ ಹೇಳುವ ಮಾತು. ನಾವು ಐವರೂ ಆ ಶಾಲೆಗೆ ಹೋಗಲಿಲ್ಲ. ನಿಮ್ಮ ತಮ್ಮನ ಮಾತನ್ನು ಒಬ್ಬನೇ ಒಬ್ಬ ನಂಬಿ ಬೆಟ್ಟ ಹತ್ತಿದ್ದರೂ ನಾವು ಸಿಕ್ಕುತ್ತಿದ್ದೆವು. ಅವನನ್ನು ಯಾರೂ ನಂಬಲಿಲ್ಲ, ನಾವು ಉಳಿದೆವು. ಅದಕ್ಕಾಗಿ ಅವನು ಬೆಲ್ಟಿನ ಏಟು ತಿಂದನೆಂದು, ಮೇಜಿನ ಮೇಲೆ ನಿಂತನೆಂದು ನಿಮ್ಮ ಕಾಗದ ಬರುವವರೆಗೆ ನಮಗೆ ಗೊತ್ತಿರಲಿಲ್ಲ. ನಮ್ಮ ಪಾಲಿನ ಏಟನ್ನು ಅವನು ತಿಂದ. ಇಂದು ನಾನು ಮಕ್ಕಳನ್ನು ಬೆಳಿಗ್ಗೆ ಶಾಲೆಗೆ ಬಿಟ್ಟು ಸಂಜೆ ಅವರವರ ಅಮ್ಮಂದಿರ ಕೈಗೆ ಒಪ್ಪಿಸುತ್ತೇನೆ. ಆ ಕೆಲಸ ನನ್ನ ಪಾಲಿಗೆ ಬಂದದ್ದರಲ್ಲಿ ಡೆಲ್ಮರ್ ಪಾಲೂ ಇದೆ. ಅವನಿಗೆ ಇದನ್ನು ಓದಿ ಹೇಳಿ. ಅವನು ಕಂಡದ್ದು ಸುಳ್ಳಲ್ಲ. ಅಲ್ಲಿ ನಾನೂ ಇದ್ದೆ.

ಇನ್ನೊಂದು ಉಳಿದಿದೆ. ನಾಣ್ಯ ಹಿಡಿದವಳು ಮುಚ್ಚಿಡಬಾರದು. ಮಾವ ಕೊನೆಯವರೆಗೂ ಹೇಳುತ್ತಿದ್ದರು: "ಅವನನ್ನ ಹುಡುಕಿದ್ದು ನಾನಲ್ಲ. ಮರಕ್ಕೆ ಮೂರು ಬಡಿತ ಕೇಳಿಸ್ತು. ನಿಮ್ಮಲ್ಲೇ ಯಾರೋ ಅಂತ ಓಡ್ದೆ. ತಿರುಗಿ ನೋಡಿದ್ರೆ ಐದು ಜನಾನೂ ನನ್ನ ಹಿಂದೇನೇ ಇದ್ರಿ. ಅವತ್ತು ಹೊಳೆ ಆಳುದ್ದ ಹರೀತಿತ್ತು, ದಾಟೋಕೆ ದಿಮ್ಮೀನೂ ಇರ್ಲಿಲ್ಲ. ಕ್ಯಾಂಪು ಆಚೆ ದಡಕ್ಕೆ, ಹುಡುಗ ಈಚೆ ದಡದಲ್ಲಿ ಕೂತಿದ್ದ. ಬೂಟು ಒಣಗಿತ್ತು." ಆ ಒಣಗಿದ ಬೂಟನ್ನು ನಾನೂ ಮುಟ್ಟಿ ನೋಡಿದ್ದೆ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಫಿಲೊಮಿನಾ


ಕೂಗರ್ ಫ್ಲಾಟ್
22 ಜನವರಿ 1995

ತಂಗಿ ಫಿಲೊಮಿನಾಗೆ,

ಹೀಗೆ ಕರೆಯಲು ಅಪ್ಪಣೆ ಕೇಳುತ್ತಿಲ್ಲ, ಕರೆದುಬಿಟ್ಟಿದ್ದೇನೆ.

ನಿಮ್ಮ ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂವತ್ತೊಂದು ವರ್ಷದ ಬುಡ ಅಲ್ಲಾಡಿತ್ತು. ಪೆಟ್ಟಿಗೆಯ ಮೊಟ್ಟಮೊದಲ ವರದಿಯೇ ಮನುಷ್ಯ! ಹಲ್ಲಿನ ಸಿದ್ಧಾಂತವಂತೂ ಹಾಲುಹಲ್ಲಿನ ಜೊತೆ ಉದುರಿತು. ನಾಲ್ಕನೇ ದಿನ ನನಗೆ ನಾಚಿಕೆಯಾಯಿತು. ತಮ್ಮನ ಉಸಿರು ಲೆಕ್ಕಕ್ಕೆ ಬಂದಿರುವಾಗ ನಾನು ಪೆಟ್ಟಿಗೆಯ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಎದ್ದು ಹೋದೆ.

ಕಿಟಕಿ ಪಕ್ಕದ ಕುರ್ಚಿಯಲ್ಲಿ, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಕೂತಿದ್ದ. ಓದಿದೆ. ಮರಿ ನೀವೇ ಎಂದ ಕಡೆ ಕೈ ಎತ್ತಿ ನಿಲ್ಲಿಸಿದ.

"ಆ ಮರಿ ನನ್ನ ಪಾಲಿನ ಮೀನು ಕದೀತು ಕಣೋ. ಕೊಟ್ಟಂಗೆ ಮಾಡಿ ಅರ್ಧ ಕಿತ್ಕೊಂಡ್ಲು. ಅದನ್ನ ಬರೆದಿದ್ದಾಳಾ?"

"ಇಲ್ಲ."

"ಬರೆಯಲ್ಲ ಬಿಡು, ಕಳ್ಳಿ."

ಅವನು ನಕ್ಕ. ಕೆಮ್ಮಿದ, ಮತ್ತೆ ನಕ್ಕ. ಆ ಊಟದ ಮನೆಯ ದಿನದಿಂದ ನಾನು ಅವನ ಆ ನಗು ಕೇಳಿರಲಿಲ್ಲ. ನಮ್ಮ ಪಾಲಿನ ಏಟು ತಿಂದ ಎಂಬ ಸಾಲಿಗೆ ಬಂದಾಗ ನಾನು ಓದು ನಿಲ್ಲಿಸಿದೆ. ಕಾಗದ ಕಿತ್ತುಕೊಂಡು ಉಳಿದದ್ದನ್ನು ಅವನೇ ಓದಿಕೊಂಡ. "ಐದು ಜನ" ಎಂದ. ಕಾಗದ ಮಡಿಸುತ್ತ, "ಐದು ಮಕ್ಕಳು ಉಳಿದ್ರು ಅಂದ್ರೆ ಒಂದು ಬೆಲ್ಟ್ ಏನು ಮಹಾ" ಎಂದ.

ಕ್ಷಮಿಸು ಎಂದೆ, ನಕ್ಕದ್ದಕ್ಕೆ. ನಲವತ್ತೇಳು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು.

"ನೀನು ಮೂವತ್ತು ವರ್ಷ ಊರೂರು ಅಲೆದದ್ದು ಯಾಕೆ ಅಂತ ನಂಗೊತ್ತಿಲ್ವೇನೋ, ಪೆದ್ದ? ಎಂದೋ ಆಯ್ತು ಬಿಡು" ಎಂದ.

ಹೊಳೆಯ ಮಾತು ಕೇಳಿದೆ. ಕಿಟಕಿಯ ಹೊರಗೆ ನೋಡಿದ. "ಎರಡು ಅಂತ ಅವತ್ತೇ ಹೇಳಿದ್ನಲ್ಲ. ಒಂದು ದಾಟ್ಸಿದ್ದು, ಒಂದು ಸಾಕಿದ್ದು. ನೀವೆಲ್ಲ ನಗೋದ್ರಲ್ಲಿ ಇದ್ರಿ." ನಿಜ. ನನ್ನ ಲೇಖನದಲ್ಲಿ ಇರುವುದು ಒಂದೇ.

ಕಾಗದ ಅವನ ದಿಂಬಿನ ಕೆಳಗಿದೆ. ವಾಪಸು ಕೇಳಿದರೆ ಕೊಡುವುದಿಲ್ಲ ಎಂದಿದ್ದಾನೆ. ತಂಗೀ, ನಿಮ್ಮ ಋಣ ಹೇಗೆ ತೀರಿಸಲಿ?

ಎಲ್ವುಡ್


ಹ್ಯಾರಿಸನ್ ಸರೋವರದ ದಂಡೆ
9 ಫೆಬ್ರವರಿ 1995

ಎಲ್ವುಡ್ ಅಣ್ಣನಿಗೆ,

ಮೀನು ಕದ್ದದ್ದು ನಿಜ. ಮರೆತಿದ್ದೆ, ಸುಳ್ಳು ಹೇಳಲಿಲ್ಲ.

ಮಾರ್ಚ್ ಹನ್ನೊಂದಕ್ಕೆ ಸೈಲಸ್ ತನ್ನ ಮೊಮ್ಮಗನಿಗೆ ಆಂಬ್ರೋಸ್ ಮಾವನ ಹಳೆಯ ಹೆಸರು ಇಡುತ್ತಾನೆ. ಹೆಸರು ಇಡುವಾಗ ಅದನ್ನು ಹೊತ್ತಿದ್ದವರು ಏನು ಮಾಡಿದ್ದರೆಂದು ಎಲ್ಲರ ಮುಂದೆ ಹೇಳಬೇಕು. ಮಾವ ಮಾಡಿದ್ದನ್ನು ಬಹಳ ವರ್ಷ ಹೇಳುವ ಹಾಗಿರಲಿಲ್ಲ, ಆಮೇಲೆ ಹೇಳುವ ಅಭ್ಯಾಸವೇ ತಪ್ಪಿಹೋಯಿತು. ಈಗ ಹೇಳುತ್ತೇವೆ. ಡೆಲ್ಮರ್ ಬರಲಾದರೆ ಬರಲಿ. ಅವನ ಸಿಲಿಂಡರಿಗೆ, ಕುರ್ಚಿಗೆ ಜಾಗ ಮಾಡಿದ್ದೇವೆ. ನೀವೂ ಬನ್ನಿ. ನಮೂನೆ ತರಬೇಡಿ.

ಈ ಸಲ ನಾಣ್ಯ ನಾವು ಕೊಡುತ್ತೇವೆ.

ಫಿಲೊಮಿನಾ


ಕೂಗರ್ ಫ್ಲಾಟ್
19 ಏಪ್ರಿಲ್ 1995

ತಂಗಿ ಫಿಲೊಮಿನಾಗೆ,

ಡೆಲ್ಮರ್ ಒಂಬತ್ತನೇ ತಾರೀಖು ಹೋದ. ಬೆಳಿಗ್ಗೆ ಕಾಫಿ ಕೇಳಿದ, ಕುಡಿದ, ನಿದ್ದೆಹೋದ. ನೀವು ಹೊದಿಸಿದ ಕಂಬಳಿಯಲ್ಲೇ ಇದ್ದ.

ಹೆಸರಿಟ್ಟ ದಿನ ನಿಮ್ಮ ಕೂಟದ ದೊಡ್ಡಮನೆಯ ಬೆಂಕಿಯ ಮುಂದೆ ನಡೆದದ್ದನ್ನು ನಾನು ನಿಮಗೆ ಹೇಳಬೇಕಿಲ್ಲ. ಸೈಲಸ್ ಅವನ ಹೆಗಲಿಗೆ ಕಂಬಳಿ ಹಾಕಿ ಹಣೆಗೆ ಬಟ್ಟೆ ಕಟ್ಟಿದಾಗ, ಮುನ್ನೂರು ಜನ ಒಮ್ಮೆಗೇ ಎರಡೂ ಕೈಯೆತ್ತಿ ವಂದಿಸಿದಾಗ, ಅವನು ನನ್ನ ಕಡೆ ನೋಡಿದ. ಮೇಜಿನ ಮೇಲೆ ನಿಂತು ನೋಡಿದ ಹಾಗೆಯೇ. ಈ ಸಲ ನಾನು ಅತ್ತೆ. ನಿಮಗೆ ಗೊತ್ತಿಲ್ಲದ್ದು ವಾಪಸು ಬರುವಾಗ ಕಾರಿನಲ್ಲಿ ನಡೆದದ್ದು. ಅವನು ನೀವು ಕೊಟ್ಟ ನಾಣ್ಯಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ. ಗಡಿಯಲ್ಲಿ ಅಧಿಕಾರಿ, "ಏನಾದ್ರೂ ತಂದಿದ್ದೀರಾ?" ಎಂದ. "ತಂದಿದ್ದೀನಿ ಸ್ವಾಮಿ, ನಲವತ್ತೇಳು ವರ್ಷದ ಹಿಂದೆ ಅಲ್ಲೇ ಬಿಟ್ಟು ಬಂದಿದ್ದೆ" ಎಂದ ಡೆಲ್ಮರ್. ಅಧಿಕಾರಿ ನನ್ನ ಮುಖ ನೋಡಿದ. ನಾನು ಗಾಡಿ ಬಿಟ್ಟೆ.

ಮನೆಗೆ ಬಂದ ಮೇಲೆ ವರದಿ ಸಂಖ್ಯೆ ಒಂದನ್ನು ಪೆಟ್ಟಿಗೆಯಿಂದ ತೆಗೆದೆ. ಅದರ ಮೇಲೆ "ಮನುಷ್ಯ, ಪುಣ್ಯಾತ್ಮ" ಎಂದು ಬರೆದಿದ್ದೇನೆ. ಪತ್ರಿಕೆಯಲ್ಲಿ ಹಲ್ಲಿನ ಸಿದ್ಧಾಂತ ತಪ್ಪೆಂದು ಒಪ್ಪಿಕೊಂಡೆ. ನಿಮ್ಮ ಬೆಟ್ಟದ ಹೆಸರು ಎಲ್ಲೂ ಬರೆದಿಲ್ಲ, ಬರೆಯುವುದಿಲ್ಲ.

ಡೆಲ್ಮರ್ ಒಂದು ಖಾಲಿ ನಮೂನೆ ಕೇಳಿ ಇಸಿದುಕೊಂಡ. ಒಂದು ವಾರ, ದಿನಕ್ಕೆ ನಾಲ್ಕೈದು ಸಾಲಿನಂತೆ ಬರೆದ. ಅದು 613. ಅದರ ನಕಲು ನಿಮಗೆ ಕಳಿಸುತ್ತಿದ್ದೇನೆ, ಆಂಬ್ರೋಸರ ಮನೆಗೂ ಸೇರಬೇಕಾದದ್ದು ಅದು. ಬಹಳ ಕಡೆ "ಗೊತ್ತಿಲ್ಲ" ಎಂದಿದ್ದಾನೆ. ಎತ್ತರ ಗೊತ್ತಿಲ್ಲ, ತೂಕ ಗೊತ್ತಿಲ್ಲ. ಕೊನೆಯ ಮೂರು ಪ್ರಶ್ನೆಗಳನ್ನು ಅವನ ಅಕ್ಷರದಲ್ಲಿದ್ದ ಹಾಗೆಯೇ ಇಲ್ಲಿ ಎತ್ತಿ ಬರೆಯುತ್ತಿದ್ದೇನೆ. ನಾನು ಒಂದಕ್ಕೆ ಎರಡು ಸೇರಿಸಿಲ್ಲ.

29. ಅದು ನಿಮಗೆ ಏನಾದರೂ ತೊಂದರೆ ಕೊಟ್ಟಿತೇ?
ಇಲ್ಲ. ಹೊಳೆ ದಾಟಿಸಿತು. ನೀರು ತಾಗದಂತೆ ನನ್ನ ಕಾಲುಗಳನ್ನು ಮೇಲೆತ್ತಿ ಹಿಡಿದಿತ್ತು. ಮರ ಬಡಿದು, ಯಾರಾದರೂ ಬರುವವರೆಗೆ ಕಾದಿತ್ತು.

30. ಬೇರೆ ಸಾಕ್ಷಿಗಳು ಇದ್ದರೇ?
ಇದಕ್ಕೆ ಇಲ್ಲ. ಆಮೇಲೆ ನಡೆದದ್ದಕ್ಕೆ ಒಬ್ಬಳಿದ್ದಾಳೆ. ಈಗ ಹಲ್ಲು ಬಂದಿವೆ.

31. ನಿಮ್ಮ ಹೆಸರನ್ನು ಗೋಪ್ಯವಾಗಿಡಬೇಕೇ?
ಬೇಡ. ಡೆಲ್ಮರ್ ಟ್ರಾಸ್ಕ್. ಎಂಟು ವರ್ಷ.